ಟಿಎಂಸಿ ಲೆಕ್ಕದೊಳಗೆ ಗಟಾರದ ಲೆಕ್ಕ ಎಲ್ಲಿದೆ?

ಹೋದ ಬೇಸಿಗೆಯಲ್ಲಿ ಅಫಜಲಪುರ ತಾಲೂಕಿನ ಬೀಗರ ಮನೆಗೆ ಹೋಗಿದ್ದೆ. ಮಗಳನ್ನು ಕೊಟ್ಟ ಊರು, ಭೀಮಾ ನದಿಯ ದಂಡೆಯ ಮೇಲಿದೆ. ಮುಖ ತೊಳೆಯಲೆಂದು ಹೊಳೆಗೆ ಇಳಿದರೆ ನೀರು ಹಸಿರುಗಟ್ಟಿ ನಾರುತ್ತಿತ್ತು. ಬೀಗರು ನಕ್ಕು, "ಏನ್ರೀ ಬೀಗರ, ಹೆಣ್ಣು ಕೊಟ್ರಿ, ಸಂಗಾಟ ನಿಮ್ಮ ಕಡಿ ಗಟಾರಾನೂ ಕೊಟ್ರೇನ್ರಿ?" ಅಂದರು. ಚೇಷ್ಟೆಯ ಮಾತು, ಖರೆ. ಆದರೂ ಅಂದು ಊಟಕ್ಕೆ ಕುಳಿತಾಗ ತುತ್ತು ಇಳಿಯಲಿಲ್ಲ.

ಸಲಗರ ಬುದ್ರುಕದ ನನಗೆ ಮನೆಯ ಮಾತು ತೆಲುಗು, ಹೊಲದ ಮಾತು ಕನ್ನಡ, ಕಚೇರಿಯ ಮಾತು ಮರಾಠಿ. ಹೊಳೆಗೆ ಈ ಭೇದವಿಲ್ಲ. ಪುಣೆ, ಪಿಂಪ್ರಿ-ಚಿಂಚವಾಡದ ಹೊಲಸು ಮುಳಾ-ಮುಠಾ ಹಿಡಿದು ಭೀಮೆಗೆ ಇಳಿದು ಉಜನಿ ಜಲಾಶಯದಲ್ಲಿ ನಿಲ್ಲುತ್ತದೆ. ಅದರ ಕೆಳಗೆ ಪಂಢರಪುರ. ಮುಂದೆ ಸೊಲ್ಲಾಪುರ ಶಹರದ ನಾಲಾಗಳ ನೀರು ಹೊತ್ತ ಸೀನಾ ಬಂದು ಕೂಡುತ್ತದೆ. ಅಕ್ಕಲಕೋಟ ತಾಲೂಕಿನ ಬೋರಿ ಹೊಳೆಯೂ ಭೀಮೆಯ ಪಾಲೇ. ಗಡಿಯಾಚೆ ಗಾಣಗಾಪುರದ ಸಂಗಮದಲ್ಲಿ ಭಕ್ತರು ಮುಳುಗಿ ಏಳುವುದು ಇದೇ ಭೀಮೆಯಲ್ಲಿ. ಮುಂದೆ ರಾಯಚೂರು ಸೀಮೆಯಲ್ಲಿ ಕೃಷ್ಣೆಯನ್ನು ಕೂಡಿ, ಶ್ರೀಶೈಲ, ನಾಗಾರ್ಜುನಸಾಗರ, ವಿಜಯವಾಡ ದಾಟಿ ಹಂಸಲದೀವಿಯ ಬಳಿ ಸಮುದ್ರ ಸೇರುತ್ತದೆ.

ಈ ದಾರಿಯುದ್ದಕ್ಕೂ ಒಂದು ಕಳೆ ಇದೆ. ಮರಾಠಿಯಲ್ಲಿ ಜಲಪರ್ಣಿ, ಕನ್ನಡದಲ್ಲಿ ಅಂತರಗಂಗೆ, ತೆಲುಗಿನಲ್ಲಿ ಗುರ್ರಪು ಡೆಕ್ಕ. ಹೆಸರು ಮೂರು, ಹೊಟ್ಟೆ ಒಂದೇ. ಊರ ಗಟಾರವೇ ಅದರ ಗೊಬ್ಬರ.

ಸಣ್ಣ ಪಟ್ಟಣದಲ್ಲಿ ಶುದ್ಧೀಕರಣ ಘಟಕ ಕಟ್ಟಿ ನಾಮಫಲಕ ಹಚ್ಚಿದರೆ ಕೆಲಸ ಮುಗಿಯಿತು ಅಂತ ತಿಳಿಯುವವರಿದ್ದಾರೆ. ಹಾಗಿಲ್ಲ. ಘಟಕದಲ್ಲಿ ಜಾಳಿಗೆ ಕಸ ತಡೆಯುತ್ತದೆ, ಹೊಂಡದಲ್ಲಿ ರಾಡಿ ತಳ ಹಿಡಿಯುತ್ತದೆ, ಗಾಳಿ ಊದುವ ತೊಟ್ಟಿಯಲ್ಲಿ ಸೂಕ್ಷ್ಮಜೀವಿಗಳು ಹೊಲಸು ತಿನ್ನುತ್ತವೆ. ಅವಕ್ಕೂ ಉಸಿರು ಬೇಕು. ಕರೆಂಟು ಹೋಗಿ ಗಾಳಿ ಬಹಳ ಹೊತ್ತು ನಿಂತರೆ ಅವು ಸಾಯುತ್ತವೆ, ಗಟಾರ ಹಾಗೆಯೇ ಹೊಳೆಗೆ ಹೋಗುತ್ತದೆ. ಇನ್ನೊಂದು ಮಾತು: ಸಾದಾ ಘಟಕ ಚೆನ್ನಾಗಿ ನಡೆದರೂ ಸಾರಜನಕ, ರಂಜಕಗಳನ್ನು ಪೂರಾ ತೆಗೆಯುವುದಿಲ್ಲ. ನಾವು ಯೂರಿಯಾ, ಡಿಎಪಿ ಎಂದು ದುಡ್ಡು ಕೊಟ್ಟು ತರುವ ಸತ್ವವೇ ಅದು. ಹೊಲದಲ್ಲಿ ಪೀಕು, ಹೊಳೆಯಲ್ಲಿ ಪಾಚಿ. ಒಂದಿಷ್ಟು ದಾರಿಯ ಜಲಾಶಯಗಳಲ್ಲೇ ಉಳಿಯುತ್ತದೆ. ಆದರೆ ದಂಡೆಯ ಪ್ರತಿಯೊಂದು ಪಟ್ಟಣವೂ ತನ್ನ ಪಾಲು ಸೇರಿಸುತ್ತಲೇ ಹೋಗುತ್ತದೆ. ಸಮುದ್ರದಂಚಿನಲ್ಲಿ ಪಾಚಿ ಬೆಳೆದು ಕೊಳೆತರೆ ನೀರಿನೊಳಗಿನ ಪ್ರಾಣವಾಯು ತೀರುತ್ತದೆ, ಮೀನು ಉಸಿರುಗಟ್ಟುತ್ತದೆ. ಅಲ್ಲಿಯ ಬೆಸ್ತರಿಗೆ ನಮ್ಮ ಊರಿನ ಹೆಸರೂ ಗೊತ್ತಿಲ್ಲ.

ಬಚಾವತ್ ತೀರ್ಪಿನಲ್ಲಿ ಕೃಷ್ಣೆಯ ನೀರು ಮಹಾರಾಷ್ಟ್ರಕ್ಕೆ 560, ಕರ್ನಾಟಕಕ್ಕೆ 700, ಆಗಿನ ಆಂಧ್ರಕ್ಕೆ 800 ಟಿಎಂಸಿ ಎಂದು ಹಂಚಿಕೆಯಾಯಿತು. ಒಂದೊಂದು ಟಿಎಂಸಿಗೆ ಎಷ್ಟು ಚಳವಳಿ, ಎಷ್ಟು ಭಾಷಣ! ಆ ನೀರು ಎಂಥದ್ದು ಎಂದು ಕೇಳುವವರು ಎಷ್ಟು ಮಂದಿ? ಕಾಯಿದೆ ಇಲ್ಲವೆಂದಲ್ಲ. 1974ರ ಜಲಮಾಲಿನ್ಯ ಕಾಯಿದೆಯ ಪ್ರಕಾರ ರಾಜ್ಯಗಳ ಮಂಡಳಿಗಳ ನಡುವಿನ ತಂಟೆ ಬಗೆಹರಿಸುವುದು ಕೇಂದ್ರ ಮಂಡಳಿಯ ಕೆಲಸ. ಕೇಳುವವರಿಲ್ಲದಿದ್ದರೆ ಕಾಯಿದೆ ಕಪಾಟಿನಲ್ಲೇ ಇರುತ್ತದೆ.

ನಮ್ಮ ತಪ್ಪನ್ನೂ ಮುಚ್ಚಬಾರದು. ಕಬ್ಬಿಗೆ ಚೀಲದ ಮೇಲೆ ಚೀಲ ಸುರಿಯುವವರು ನಾವೇ. ಅದೂ ಮಳೆಗೆ ತೊಳೆದು ಹೊಳೆಗೇ ಹೋಗುತ್ತದೆ. ಬಣ್ಣದ ನೀರು ಮೋರಿಗೆ ಬಿಡುವ ವ್ಯಾಪಾರಿ ಬಂಧುಗಳೂ ವಿಚಾರ ಮಾಡಲಿ.

ಆಗಬೇಕಾದದ್ದು ದೊಡ್ಡದೇನಲ್ಲ. ಗಡಿಯಲ್ಲಿ ಭೀಮೆಯ ನೀರನ್ನು ಎರಡೂ ರಾಜ್ಯಗಳ ಮಂಡಳಿಗಳು ಕೂಡಿಯೇ ಪರೀಕ್ಷಿಸಲಿ. ಸ್ನಾನದ ನೀರಿಗೆ ಬಿಓಡಿ, ಅಂದರೆ ಹೊಲಸು ಕರಗಲು ಬೇಕಾಗುವ ಪ್ರಾಣವಾಯು, ಲೀಟರಿಗೆ 3 ಮಿಲಿಗ್ರಾಂ ಮೀರಬಾರದೆಂಬ ನಿಯಮವಿದೆ. ನಮ್ಮ ಹೊಳೆಯ ಅಂಕಿ ಎಷ್ಟೆಂದು ದಂಡೆಯ ಪಂಚಾಯತಿಗಳ ಫಲಕದ ಮೇಲೆ ಕನ್ನಡ, ಮರಾಠಿ ಎರಡರಲ್ಲೂ ಬರೆಯಲಿ. ಘಟಕ ಕಟ್ಟುವ ಹಣದ ಜೊತೆ ಅದನ್ನು ನಡೆಸುವ ಹಣವನ್ನೂ ಎತ್ತಿಡಲಿ. ಶುದ್ಧ ಮಾಡಿದ ನೀರನ್ನು ಪರೀಕ್ಷಿಸಿ, ಹಸಿಯಾಗಿ ತಿನ್ನುವ ಕಾಯಿಪಲ್ಲೆ ಬಿಟ್ಟು ಬೇರೆ ಪೀಕಿಗೆ ಕೊಡಲಿ.

ಬರುವ ಗ್ರಾಮಸಭೆಯಲ್ಲಿ ಈ ಠರಾವು ನಾನೇ ಮಂಡಿಸುತ್ತೇನೆ. ದಂಡೆಯ ಉಳಿದ ಊರುಗಳೂ ಮಂಡಿಸಲಿ. ಬೀಗರ ಮುಂದೆ ತಲೆ ತಗ್ಗಿಸಿ ಕೂಡುವುದು ಇನ್ನೆಷ್ಟು ದಿನ?