‘ಜಿಹಾದಿ’ ಶಬ್ದದ ಅತಿವ್ಯಾಪ್ತಿ

ಲಕ್ಷಣದೋಷಗಳು ಮೂರೆಂಬುದು ತರ್ಕವನ್ನು ಸ್ವಲ್ಪವಾದರೂ ಓದಿದವರಿಗೆ ತಿಳಿದ ವಿಷಯ. ಗೋವಿನ ಲಕ್ಷಣವನ್ನು ಹೇಳೆಂದರೆ ‘ಕೊಂಬುಳ್ಳದ್ದು’ ಎಂದವನು ಎಮ್ಮೆಯನ್ನೂ ಆಡನ್ನೂ ಒಳಗೆ ಸೇರಿಸಿದನು, ಅದು ಅತಿವ್ಯಾಪ್ತಿ. ‘ಕಪಿಲವರ್ಣದ್ದು’ ಎಂದವನು ಬಿಳಿಯ ಹಸುವನ್ನು ಹೊರಗಟ್ಟಿದನು, ಅದು ಅವ್ಯಾಪ್ತಿ. ‘ಒಂದೇ ಗೊರಸಿನದು’ ಎಂದವನಿಗೆ ಯಾವ ಹಸುವೂ ದೊರೆಯದು, ಅದು ಅಸಂಭವ. ಪಾಠಶಾಲೆಯ ಮಾಣಿಗಳು ಒಂದು ಬೆಳಗಿನಲ್ಲಿ ಕಲಿಯುತ್ತಿದ್ದ ಈ ಪಾಠವನ್ನು ಉಡುಪಿ, ಮಣಿಪಾಲ, ಕಾರ್ಕಳಗಳ ಪದವೀಧರ ಮಹಾಶಯರು ‘ಜಿಹಾದಿ’ ಎಂಬ ಶಬ್ದವನ್ನು ಬಾಯಿಗೆ ತಂದ ಕೂಡಲೆ ಮರೆತುಬಿಡುತ್ತಾರೆ. ಅವರ ಮಾತಿನಲ್ಲಿ ಆ ಶಬ್ದವು ಸಿರಿಯಾದಲ್ಲಿ ಕೋವಿ ಹಿಡಿದವನಿಗೂ ಸಲ್ಲುತ್ತದೆ. ನಮ್ಮ ಪೇಟೆಯಲ್ಲಿ ಮೀನು ಮಾರುವ ಬ್ಯಾರಿಗೂ ಸಲ್ಲುತ್ತದೆ. ಒಂದೇ ಮತ, ಆದುದರಿಂದ ಒಂದೇ ಮನಸ್ಸು, ಆದುದರಿಂದ ಒಂದೇ ದಂಡು ಎಂಬುದು ಅವರ ಅನುಮಾನಕ್ರಮ. ಈ ಹೇತುವು ಎಷ್ಟು ದುಷ್ಟವಾದುದೆಂಬುದನ್ನು ಸಿರಿಯಾದ ಅಂತರ್ಯುದ್ಧವೇ ತೋರಿಸಿಕೊಟ್ಟಿದೆ.

ಆ ದೇಶದಲ್ಲಿ 2011ರ ಮಾರ್ಚಿನಲ್ಲಿ ದರಾ ಪಟ್ಟಣದಿಂದ ಹಬ್ಬಿದ ಜನರ ದಂಗೆಯು ಅದೇ ವರ್ಷದೊಳಗಾಗಿ ಶಸ್ತ್ರಯುದ್ಧಕ್ಕೆ ತಿರುಗಿತು. ಇರಾಕಿನಲ್ಲಿದ್ದ ಅಬೂ ಬಕರ್ ಅಲ್ ಬಗ್ದಾದಿಯು ತನ್ನ ಅನುಚರನಾದ ಅಬೂ ಮುಹಮ್ಮದ್ ಅಲ್ ಜೂಲಾನಿಯನ್ನು ಆ ವರ್ಷವೇ ಗಡಿ ದಾಟಿಸಿ ಕಳುಹಿಸಿದನು. 2012ರ ಜನವರಿಯಲ್ಲಿ ಜೂಲಾನಿಯ ‘ನುಸ್ರಾ’ ದಳವು ತನ್ನ ಹೆಸರನ್ನು ಪ್ರಕಟಿಸಿತು. ಸೈದ್ನಾಯಾ ಸೆರೆಮನೆಯಿಂದ 2011ರಲ್ಲಿ ಬಿಡುಗಡೆ ಹೊಂದಿದವರಲ್ಲಿ ಕೆಲವರು ‘ಅಹ್ರಾರ್ ಅಲ್ ಶಾಮ್’ ಎಂಬ ಬೇರೊಂದು ದಳವನ್ನು ಕಟ್ಟಿದರು. ಶತ್ರುವು ಒಬ್ಬನೇ, ಗ್ರಂಥವೂ ಒಂದೇ. ಇಂತಿರಲು ಇವರು ಒಗ್ಗೂಡಬೇಕಾಗಿತ್ತಷ್ಟೆ?

ಆದುದೇನು? 2013ರ ಏಪ್ರಿಲಿನಲ್ಲಿ ಬಗ್ದಾದಿಯು ‘ನುಸ್ರಾ ನನ್ನದೇ ಶಾಖೆ, ಇನ್ನು ಮುಂದೆ ಎರಡೂ ಒಂದೇ’ ಎಂಬ ಅರ್ಥದ ಘೋಷಣೆಯನ್ನು ಹೊರಡಿಸಿದನು. ಶಿಷ್ಯನು ಒಪ್ಪಲಿಲ್ಲ. ಗುರುವನ್ನು ಮೀರಿ ಪರಮಗುರುವಿನ ಬಳಿಗೆ ಓಡಿದನು. ಅಂದರೆ ಅಲ್ ಕಾಯಿದಾದ ಮುಖ್ಯಸ್ಥನಾದ ಐಮನ್ ಅಲ್ ಜವಾಹಿರಿಗೆ ನೇರವಾಗಿ ನಿಷ್ಠೆಯ ಪ್ರತಿಜ್ಞೆಯನ್ನಿತ್ತನು. ಬಗ್ದಾದಿಯು ಇರಾಕಿಗೆ ಹಿಂದಿರುಗತಕ್ಕದ್ದು, ಜೂಲಾನಿಯು ಸಿರಿಯಾದಲ್ಲಿರತಕ್ಕದ್ದು ಎಂದು ಜವಾಹಿರಿಯು ತೀರ್ಪಿತ್ತನು. ಬಗ್ದಾದಿಯು ತೀರ್ಪನ್ನು ತಳ್ಳಿಹಾಕಿದನು. 2014ರ ಜನವರಿಯಲ್ಲಿ ಈ ದಳಗಳು ಪರಸ್ಪರ ಬಹಿರಂಗ ಯುದ್ಧಕ್ಕಿಳಿದುವು. ಫೆಬ್ರವರಿಯಲ್ಲಿ ಅಲ್ ಕಾಯಿದಾವು ಬಗ್ದಾದಿಯ ಸಂಘಕ್ಕೂ ತನಗೂ ಸಂಬಂಧವಿಲ್ಲವೆಂದು ಸಾರಿತು. ರಾಜಿ ಮಾಡಿಸಲೆಂದು ಜವಾಹಿರಿಯು ನೇಮಿಸಿದ್ದ ಅಬೂ ಖಾಲಿದ್ ಅಲ್ ಸೂರಿ ಎಂಬ ಹಳೆಯ ಯೋಧನು ಅದೇ ತಿಂಗಳು ಅಲೆಪ್ಪೊ ಪಟ್ಟಣದಲ್ಲಿ ಆತ್ಮಾಹುತಿಯ ಆಕ್ರಮಣಕ್ಕೆ ಬಲಿಯಾದನು. ಸಂಧಾನಕ್ಕೆ ಬಂದವನಿಗೇ ಈ ಗತಿ.

ಕಲಹದ ಮೂಲವೇನೆಂದು ನೋಡಿದರೆ, ಅಲ್ಲಿ ಶ್ರುತಿವಾಕ್ಯದ ಅರ್ಥವಿವಾದಕ್ಕಿಂತ ಹೆಚ್ಚಾಗಿ ‘ಯಾರು ಯಾರಿಗೆ ಪ್ರತಿಜ್ಞೆ ಕೊಡಬೇಕು’ ಎಂಬ ವಿವಾದವೂ, ದೇರ್ ಎಜ್ಜೋರ್ ಪ್ರಾಂತದ ಎಣ್ಣೆಯ ಬಾವಿಗಳೂ, ತುರ್ಕಿಯ ಗಡಿಯ ಸುಂಕದ ಕಟ್ಟೆಗಳೂ ಕಾಣಸಿಗುತ್ತವೆ. 2017ರ ಜುಲೈ ತಿಂಗಳಲ್ಲಿ ಜೂಲಾನಿಯ ದಳವು ತನ್ನ ಹಳೆಯ ಮಿತ್ರರಾದ ಅಹ್ರಾರಿನವರ ಮೇಲೆಯೇ ಬಿದ್ದು ಇದ್ಲಿಬ್ ಪ್ರಾಂತವನ್ನೂ ಬಾಬ್ ಅಲ್ ಹವಾ ಗಡಿದ್ವಾರವನ್ನೂ ವಶಪಡಿಸಿಕೊಂಡಿತು. ಅಷ್ಟರೊಳಗೆ ಜೂಲಾನಿಯು ಅಲ್ ಕಾಯಿದಾವನ್ನೂ ತೊರೆದು (2016), ದಳಕ್ಕೆ ‘ಹಯಾತ್ ತಹ್ರೀರ್ ಅಲ್ ಶಾಮ್’ ಎಂಬ ಹೊಸ ಹೆಸರನ್ನಿಟ್ಟಿದ್ದನು (2017). ಇದರಿಂದ ಸಿಟ್ಟಾದವರು 2018ರಲ್ಲಿ ‘ಹುರ್ರಾಸ್ ಅಲ್ ದೀನ್’ ಎಂಬ ದಳವನ್ನು ಕಟ್ಟಿದರು. 2020ರಲ್ಲಿ ಅವರನ್ನು ಅವನೇ ಅಡಗಿಸಿದನು. ಕಡೆಗೆ 2024ರ ಡಿಸೆಂಬರ್ 8ರಂದು ದಮಾಸ್ಕಸ್ ಅವನ ಕೈವಶವಾಯಿತು. ಯಾರ ತಲೆಗೆ ಅಮೆರಿಕಾ ಸರ್ಕಾರವು 1 ಕೋಟಿ ಡಾಲರುಗಳ ಬೆಲೆ ಕಟ್ಟಿತ್ತೋ ಅವನೇ ಅಹ್ಮದ್ ಅಲ್ ಶರಾ ಎಂಬ ಸ್ವಂತ ಹೆಸರಿನಿಂದ ದೇಶಾಧ್ಯಕ್ಷನಾಗಿ, 2025ರ ನವೆಂಬರಿನಲ್ಲಿ ವಾಷಿಂಗ್ಟನ್ನಿನ ಶ್ವೇತಭವನಕ್ಕೆ ಅತಿಥಿಯಾಗಿ ಹೋದನು! ‘ಜಿಹಾದಿ’ ಎಂಬುದು ಇವನ ಲಕ್ಷಣವಾದರೆ ಆ ಲಕ್ಷಣವು ಯಾವ ದಿನ ಇವನನ್ನು ಬಿಟ್ಟಿತು? ನಮ್ಮ ಮಹಾಶಯರು ಉತ್ತರ ಹೇಳಲಿ.

ಇಲ್ಲಿ ಮತ್ತೊಂದು ಪಕ್ಷದವರನ್ನೂ ಬಿಡತಕ್ಕುದಲ್ಲ. ಇದಕ್ಕೂ ಮತಕ್ಕೂ ಸಂಬಂಧವೇ ಇಲ್ಲ, ಎಲ್ಲವೂ ಪರದೇಶಗಳ ಒಳಸಂಚು ಎನ್ನುವ ಸಾಧುಗಳೂ ನಮ್ಮಲ್ಲಿದ್ದಾರೆ. ಅದೂ ಸುಳ್ಳು. ಖಲೀಫನೆಂಬ ಬಿರುದು, ಪ್ರತಿಜ್ಞೆಯ ವಿಧಿ, ಪರಮತದವರ ಶಿಕ್ಷೆ ಇವೆಲ್ಲವನ್ನೂ ಆ ದಳಗಳು ಮತದ ಹೆಸರಿನಲ್ಲಿಯೇ ನಡೆಸಿದುವು. 2014ರಲ್ಲಿ ಯಜೀದಿಗಳಿಗೆ ಬಗ್ದಾದಿಯ ಜನರು ಮಾಡಿದ ಕ್ರೌರ್ಯವನ್ನು ಎಣ್ಣೆಯ ಬಾವಿಯಿಂದ ವಿವರಿಸಲಾಗದು. ಆದರೆ ಅದೇ ವರ್ಷದ ಸೆಪ್ಟೆಂಬರಿನಲ್ಲಿ ನೂರಕ್ಕೂ ಮಿಕ್ಕಿದ ಮುಸಲ್ಮಾನ ಪಂಡಿತರು ಬಗ್ದಾದಿಗೆ ಬಹಿರಂಗ ಪತ್ರವನ್ನು ಬರೆದು, ಅವನು ಹಿಡಿದ ಒಂದೊಂದು ವಾಕ್ಯವನ್ನೂ ಶಾಸ್ತ್ರದಿಂದಲೇ ಖಂಡಿಸಿದರು. ಅದಕ್ಕೂ ಮೊದಲು, 2008ರಲ್ಲಿ, ದೇವಬಂದದ ದಾರುಲ್ ಉಲೂಮ್ ಭಯೋತ್ಪಾದನೆಯನ್ನು ಖಂಡಿಸಿತ್ತು. ಒಂದೇ ವೇದವನ್ನು ಪ್ರಮಾಣವೆಂದು ಒಪ್ಪಿಯೂ ದ್ವೈತಾದ್ವೈತಿಗಳು ಏಳುನೂರು ವರ್ಷ ವಾದಿಸಿದ ನಾಡಿನಲ್ಲಿರುವ ನಮಗೆ ಇದು ಅರ್ಥವಾಗದಿರಲು ಕಾರಣವಿಲ್ಲ.

ದೂರದ ದೇಶವೆಂದು ಸಂಶಯಪಡುವವರು ತುಳುನಾಡಿನ ಚರಿತ್ರೆಯನ್ನೇ ತೆರೆಯಲಿ. ಬಂಗರೂ ಚೌಟರೂ ಜೈನ ಮನೆತನದವರು. ಪೂಜಿಸುವ ತೀರ್ಥಂಕರರು ಒಬ್ಬರೇ, ಸಾಲದ್ದಕ್ಕೆ ಮದುವೆಯ ನಂಟೂ ಬೆಳೆದಿತ್ತು. ಹಾಗಿದ್ದರೂ ಉಳ್ಳಾಲದ ಚೌಟರಾಣಿಯು ಬಂಗರಸನ ಮೇಲೆ ಇಕ್ಕೇರಿಯ ವೆಂಕಟಪ್ಪ ನಾಯಕನ ಸಹಾಯವನ್ನು ಪಡೆದಳು. ಬಂಗನು ಪೋರ್ತುಗೀಜರನ್ನು ನೆಚ್ಚಿಕೊಂಡನು. 1623ರಲ್ಲಿ ಈ ಕರಾವಳಿಗೆ ಬಂದ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲ್ಲೆಯು ಇದನ್ನೆಲ್ಲ ಬರೆದಿಟ್ಟಿದ್ದಾನೆ. ಅದನ್ನೋದಿ ‘ಜೈನರೆಲ್ಲರೂ ಒಂದೇ ದಂಡು’ ಎಂದು ಯಾರಾದರೂ ಹೇಳಿದರೆ ಕಾರ್ಕಳದವರು ನಗದಿರುವರೆ?

ಇನ್ನು ಭಟ್ಕಳದ ಮಾತು. ‘ಇಂಡಿಯನ್ ಮುಜಾಹಿದೀನ್’ ಎಂಬ ಸಂಘದ ಪ್ರಮುಖರಲ್ಲಿ ಕೆಲವರು ಆ ಊರಿನವರು. ಆ ಸಂಘವನ್ನು ಭಾರತ ಸರ್ಕಾರವು 2010ರಲ್ಲಿ ನಿಷೇಧಿಸಿತು. 2013ರ ಫೆಬ್ರವರಿಯಲ್ಲಿ ಹೈದರಾಬಾದಿನ ದಿಲ್‌ಸುಖ್‌ನಗರದಲ್ಲಿ ಸಿಡಿದ ಬಾಂಬುಗಳಿಗಾಗಿ ಅದರ ಐವರಿಗೆ 2016ರಲ್ಲಿ ಮರಣದಂಡನೆಯ ತೀರ್ಪಾಯಿತು. ಶಿಕ್ಷೆಯು ಉಚಿತವೇ. ಆದರೆ ಈ ಸಂಘವೂ ಒಂದಾಗಿ ಉಳಿಯಲಿಲ್ಲ. ಒಳಗಿನವರೇ ಒಡೆದು, ಒಂದು ಭಾಗವು ಸಿರಿಯಾದ ಬಗ್ದಾದಿಯ ಕಡೆಗೆ ವಾಲಿತು. ಅಂತರ್ಜಾಲದ ಮೂಲಕ ಹುಡುಗರನ್ನು ಸೆಳೆಯುತ್ತಿದ್ದನೆಂದು ಶಫಿ ಅರ್ಮಾರ್ ಎಂಬ ಭಟ್ಕಳದವನನ್ನು ಅಮೆರಿಕಾ ಸರ್ಕಾರವು 2017ರಲ್ಲಿ ಭಯೋತ್ಪಾದಕರ ಪಟ್ಟಿಗೆ ಸೇರಿಸಿತು. ಹೀಗೆ ಒಡೆದು ಹೋಗುವವರನ್ನು ಹಿಡಿಯಬೇಕಾದರೆ ಯಾರು ಯಾರಿಗೆ ವೈರಿ, ಯಾರ ಹಣ ಯಾರಿಗೆ ಬಂತು, ಯಾವ ಮನೆಯ ತಾಯಿ ಮಗನಿಗಾಗಿ ಅಳುತ್ತಿದ್ದಾಳೆ ಎಂಬುದನ್ನು ತಿಳಿಯಬೇಕು. ಅದನ್ನು ಹೇಳಬಲ್ಲವರು ಆ ಕೇರಿಯವರೇ. ಆ ಕೇರಿಯವರನ್ನೆಲ್ಲ ಮೊದಲೇ ಅಪರಾಧಿಗಳೆಂದು ಕರೆದಮೇಲೆ ಅವರು ಯಾರ ಬಳಿ ಬಾಯಿ ಬಿಟ್ಟಾರು?

ಶಬ್ದದ ಅತಿವ್ಯಾಪ್ತಿಯು ಶಬ್ದದಲ್ಲಿಯೇ ನಿಲ್ಲುವುದಿಲ್ಲ. 2022ರ ಮಾರ್ಚಿನಲ್ಲಿ ಕಾಪುವಿನ ಮಾರಿಗುಡಿಯ ಸುಗ್ಗಿಮಾರಿ ಪೂಜೆಯ ಸಂತೆಯಲ್ಲಿ ಮುಸಲ್ಮಾನ ವ್ಯಾಪಾರಿಗಳಿಗೆ ಅಂಗಡಿಯಿಡಲು ಎಡೆ ದೊರಕಲಿಲ್ಲ. ಹಣ್ಣಿನ ಬುಟ್ಟಿಯ ಮುದುಕನಿಗೆ ಅಲ್ ಕಾಯಿದಾದ ಗೊಡವೆಯೇನು? ಕಾಪುವಿನಿಂದ ತೆಂಕಕ್ಕೆ ಸ್ವಲ್ಪ ದೂರದಲ್ಲಿರುವ ಮೂಲ್ಕಿಯ ದುರ್ಗಾಪರಮೇಶ್ವರಿಯ ಕ್ಷೇತ್ರಕ್ಕೆ ಬಪ್ಪನಾಡೆಂಬ ಹೆಸರು ಬಪ್ಪ ಬ್ಯಾರಿಯಿಂದ ಬಂದುದೆಂದು ನಮ್ಮ ಅಜ್ಜಿಯಂದಿರೇ ಹೇಳುತ್ತ ಬಂದರು. ಅಲ್ಲಿ ಒಬ್ಬ ಬ್ಯಾರಿಯ ಹೆಸರನ್ನು ಊರಿಗೆ ಗೌರವದಿಂದ ಇಟ್ಟೆವು. ಇಲ್ಲಿ ಕೇತಪೈ ನಾರಾಯಣನ ದೇವಾಲಯವೂ ಪುರಾತನ ಬಸದಿಯೂ ನವಾಯತರ ಮಸೀದಿಗಳೂ ಇರುವ ಒಂದು ಊರಿನ ಹೆಸರನ್ನು ನಾಲ್ಕು ಮಂದಿ ದುಷ್ಟರ ಉಪನಾಮವನ್ನಾಗಿ ಮಾಡಿ ದಿನವೂ ಅಚ್ಚು ಹಾಕುತ್ತಿದ್ದೇವೆ. ಯಾಸೀನನಿಗೂ ರಿಯಾಜನಿಗೂ ಅವರವರ ಮನೆತನದ ಹೆಸರುಗಳಿವೆ. ನಮ್ಮ ಜಿಲ್ಲೆಯ ಪತ್ರಿಕೆಗಳ ಸಂಪಾದಕರು ಅವನ್ನು ಬರೆಯಲಿ, ಭಟ್ಕಳವನ್ನು ಭಟ್ಕಳದವರಿಗೆ ಬಿಡಲಿ.