ಚರಕ್ಕೆ ಬೆಲೆ ಕೊಡುವವರು ಯಾರು? ಸುಳ್ಯದ ಮನೆಮಾತುಗಳ ನಿಮಿತ್ತ

ಉಪಭಾಷೆಗಳ ಅಧ್ಯಯನದಲ್ಲಿ ಸಂಖ್ಯಾಶಾಸ್ತ್ರದ ನೆರವು ಪಡೆಯುವುದು ಕನ್ನಡ ಸಂಶೋಧನೆಗೆ ಹೊಸದೇನಲ್ಲ. ಆದರೆ ಕ್ಷೇತ್ರಕಾರ್ಯದಲ್ಲಿ ಕೇಳಿದ ಮಾತು ಅಂಕಿಯಾಗಿ ಮಾರ್ಪಡುವ ಹಂತವನ್ನು ಬರಿಯ ಗುಮಾಸ್ತಿಕೆಯೆಂದು ಬಗೆದು ಗಣಕಯಂತ್ರ ಬಲ್ಲವರಿಗೆ ಬಿಟ್ಟುಕೊಡುವ ರೂಢಿ ನಮ್ಮಲ್ಲಿದೆ. ಇದು ಸರಿಯಲ್ಲವೆಂಬುದು ನನ್ನ ಅಭಿಪ್ರಾಯ.

ಸುಳ್ಯವನ್ನೇ ನೋಡಬಹುದು. ಕೊಡಗಿಗೂ ಕಾಸರಗೋಡಿಗೂ ತಾಗಿಕೊಂಡಿರುವ ಈ ತಾಲ್ಲೂಕಿನಲ್ಲಿ ತುಳು, ಅರೆಭಾಷೆ, ಹವ್ಯಕ ಕನ್ನಡ, ಮಲಯಾಳ, ಕೊಂಕಣಿ, ಬ್ಯಾರಿ ಮಾತುಗಳು ಒಟ್ಟಿಗೆ ಬಾಳುತ್ತಿವೆ. ಮಾಹಿತಿದಾರರೊಬ್ಬರು ತಮ್ಮ ಮನೆಮಾತು ಅರೆಭಾಷೆ ಎಂದಾಗ ಕೋಷ್ಟಕದಲ್ಲಿ ಅದನ್ನು ಕನ್ನಡದ ಅಂಕಿಯಡಿ ಸೇರಿಸಬೇಕೆ, ಬೇರೆ ಅಂಕಿ ಕೊಡಬೇಕೆ? 2011ರಲ್ಲಿ ಅರೆಭಾಷೆಗೆ ಪ್ರತ್ಯೇಕ ಅಕಾಡೆಮಿ ಸ್ಥಾಪನೆಯಾಯಿತು. ಅದೇ ವರ್ಷದ ಜನಗಣತಿಯಾದರೋ ಬಡಗವನ್ನು ಕನ್ನಡದೊಳಗೆ ಎಣಿಸಿ, ಕೊಡವವನ್ನು ಬೇರೆಯಾಗಿ ಎಣಿಸಿತು. ಇಂತಹ ವಿಂಗಡಣೆಯ ಹೊಣೆ ಭಾಷಾ ಸಂಶೋಧಕನದೇ ಹೊರತು ಯಂತ್ರದ್ದಲ್ಲ.

ಇಂದು ಇಂತಹ ಕೆಲಸಕ್ಕೆ ವ್ಯಾಪಕವಾಗಿ ಬಳಕೆಯಲ್ಲಿರುವುದು ‘ಆರ್’ ಎಂಬ ಪ್ರೋಗ್ರಾಮಿಂಗ್ ಭಾಷೆ. ಬೆಲ್ ಪ್ರಯೋಗಾಲಯದ ‘ಎಸ್’ ಭಾಷೆಯ ಜಾಡಿನಲ್ಲಿ ನ್ಯೂಜಿಲೆಂಡಿನ ಆಕ್ಲೆಂಡ್ ವಿಶ್ವವಿದ್ಯಾಲಯದ ರಾಸ್ ಇಹಾಕಾ ಮತ್ತು ರಾಬರ್ಟ್ ಜೆಂಟಲ್‌ಮನ್ ಇದನ್ನು ರೂಪಿಸಿದರು, ಇದರ 1.0.0 ಆವೃತ್ತಿ 2000ದಲ್ಲಿ ಹೊರಬಂತು. ಇದರಲ್ಲಿ ಚರಕ್ಕೆ ಬೆಲೆ ಕೊಡುವ ಚಿಹ್ನೆ ಬಾಣ. ‘ಮನೆಮಾತು <- 2’ ಎಂಬ ಮಾದರಿಯ ಸಾಲಿನಲ್ಲಿ ಬಲಗಡೆಯ ಬೆಲೆ ಎಡಗಡೆಯ ಹೆಸರಿಗೆ ಸಲ್ಲುತ್ತದೆ. 2001ರಿಂದ ಸಮಚಿಹ್ನೆಯನ್ನೂ ಬಳಸಲು ಅವಕಾಶವಿದೆ. ಆದರೂ ಬಾಣವೇ ಮೇಲೆಂದು ನನಗೆ ತೋರುತ್ತದೆ. ಸಮಚಿಹ್ನೆ ಎರಡು ಸಂಗತಿಗಳು ಒಂದೇ ಎಂಬ ಭ್ರಮೆ ಹುಟ್ಟಿಸಿದರೆ, ಬಾಣವು ಬೆಲೆಯನ್ನು ಯಾರೋ ಕೊಟ್ಟಿದ್ದಾರೆಂಬುದನ್ನು ನೆನಪಿಸುತ್ತದೆ.

ವ್ಯಾಕರಣ ಓದಿದ ನಮಗೆ ಇದು ಅಪರಿಚಿತವಲ್ಲ. ಪಾಣಿನಿ ತನ್ನ ಮೊದಲ ಸೂತ್ರದಲ್ಲಿಯೇ ಆ, ಐ, ಔ ಸ್ವರಗಳಿಗೆ ‘ವೃದ್ಧಿ’ ಎಂಬ ಸಂಜ್ಞೆಯನ್ನು ವಿಧಿಸುತ್ತಾನೆ. ಆದರೆ ಶಾಸ್ತ್ರದಲ್ಲಿ ಆ ಸಂಜ್ಞೆ ಕೊನೆಯವರೆಗೂ ನಿಲ್ಲುತ್ತದೆ, ‘ಆರ್’ನಲ್ಲಿ ಹಾಗಲ್ಲ. ಅದೇ ಹೆಸರಿಗೆ ಮುಂದಿನ ಸಾಲಿನಲ್ಲಿ ಬೇರೆ ಬೆಲೆ ಕೊಟ್ಟರೆ ಹಳೆಯದು ಯಾವ ಎಚ್ಚರಿಕೆಯೂ ಇಲ್ಲದೆ ಅಳಿಯುತ್ತದೆ. ಅರೆಭಾಷೆ ಎಂದವರ ಉತ್ತರದ ಮೇಲೆ ಕನ್ನಡದ ಅಂಕಿಯನ್ನು ಬರೆದರೆ ಅವರ ಮಾತು ಆ ಕೋಷ್ಟಕದಿಂದ ಮರೆಯಾದಂತೆಯೇ.

ಇನ್ನೂ ಎರಡು ಅಪಾಯಗಳಿವೆ. ತುಳುವಿಗೆ 1, ಅರೆಭಾಷೆಗೆ 2, ಮಲಯಾಳಕ್ಕೆ 3 ಎಂದು ಬೆಲೆ ಕೊಟ್ಟು ಸರಾಸರಿ ಕೇಳಿದರೆ, ಒಬ್ಬ ತುಳುವರೂ ಒಬ್ಬ ಮಲಯಾಳಿಗರೂ ಸೇರಿ 2, ಅಂದರೆ ಅರೆಭಾಷೆಯವರಾಗುತ್ತಾರೆ! ಇವು ಪರಿಮಾಣಗಳಲ್ಲ, ವರ್ಗಗಳು ಎಂದು ‘ಫ್ಯಾಕ್ಟರ್’ ರೂಪದಲ್ಲಿ ಮೊದಲೇ ತಿಳಿಸಿದ್ದರೆ ಯಂತ್ರವು ಸರಾಸರಿ ಕೊಡದೆ ಎಚ್ಚರಿಸುತ್ತದೆ. ಹಾಗೆಯೇ ವಯಸ್ಸು ತಿಳಿಸದವರಿಗೆ ಸೊನ್ನೆಯ ಬೆಲೆ ಕೊಟ್ಟರೆ 20, 40, 60 ವರ್ಷದ ಮೂವರ ಸರಾಸರಿಯಾದ 40, ನಾಲ್ಕನೆಯವರ ಮೌನದಿಂದ 30ಕ್ಕೆ ಇಳಿಯುತ್ತದೆ. ಮೌನಕ್ಕೆ ‘ಎನ್‌ಎ’ ಎಂಬ ಪ್ರತ್ಯೇಕ ಗುರುತಿದೆ, ಮೌನ ಸೊನ್ನೆಯಲ್ಲ.

ಊರಿನ ಹೆಸರುಗಳೂ ಇದಕ್ಕೆ ಹೊರತಲ್ಲ. 2011ರ ಜನಗಣತಿಯಲ್ಲಿ ಸುಬ್ರಹ್ಮಣ್ಯ ಸುಳ್ಯ ತಾಲ್ಲೂಕಿನ ಗ್ರಾಮ. ಇಂದು ಅದು ಕಡಬಕ್ಕೆ ಸೇರಿದೆ. ‘ತಾಲ್ಲೂಕು’ ಎಂಬ ಚರದ ಜೊತೆಗೆ ವರ್ಷವನ್ನೂ ದಾಖಲಿಸದಿದ್ದರೆ ಹಳೆಯ ಮತ್ತು ಹೊಸ ಅಂಕಿಗಳ ಹೋಲಿಕೆ ದಾರಿ ತಪ್ಪುತ್ತದೆ.

ಆದ್ದರಿಂದ ಮಾಹಿತಿದಾರರ ಮೂಲ ಉತ್ತರ ಒಂದು ಕಲಮಿನಲ್ಲಿ ಹಾಗೆಯೇ ಉಳಿಯಲಿ. ಸಂಶೋಧಕನ ವರ್ಗೀಕರಣ ಮತ್ತೊಂದು ಕಲಮಿನಲ್ಲಿ ಬರಲಿ. ಬೆಲೆ ಕೊಟ್ಟ ಸಾಲುಗಳು ಕಾರಣಸಹಿತವಾಗಿ ಮಹಾಪ್ರಬಂಧದ ಅನುಬಂಧದಲ್ಲಿರಲಿ. ಮಾರ್ಗದರ್ಶಕರೂ ಪರೀಕ್ಷಕರೂ ಕೋಷ್ಟಕಗಳನ್ನು ನೋಡುವ ಮುನ್ನ ಆ ಸಾಲುಗಳನ್ನು ಓದಲಿ. ಪಾಠಾಂತರಗಳನ್ನು ಅಡಿಟಿಪ್ಪಣಿಯಲ್ಲಿ ಕೊಡದ ಗ್ರಂಥಸಂಪಾದನೆಯನ್ನು ನಾವು ಒಪ್ಪುವುದಿಲ್ಲ. ಜೀವಂತ ಜನರ ಮಾತಿನ ವಿಷಯದಲ್ಲಿ ಅದಕ್ಕಿಂತ ಕಡಿಮೆ ಎಚ್ಚರ ಸಾಕೆನ್ನಲು ಕಾರಣವಿಲ್ಲ.