ಒಂದೇ ಏಟು, ಇಪ್ಪತ್ತು ಸಲ

ಶಾಲೆಯ ವಾರ್ಷಿಕೋತ್ಸವದಲ್ಲಿ ಮೈಕನ್ನು ಧ್ವನಿವರ್ಧಕದ ಎದುರಿಗೆ ತಂದರೆ ಕಿವಿಗಡಚಿಕ್ಕುವ ಕೂಗೊಂದು ಏಳುತ್ತದೆ. ಕೂಗಿದವರು ಯಾರೂ ಇರುವುದಿಲ್ಲ. ಹೊರಬಂದ ಸದ್ದೇ ಮತ್ತೆ ಮೈಕಿಗೆ ಹೊಕ್ಕು ಇನ್ನಷ್ಟು ದೊಡ್ಡದಾಗಿ ಬರುತ್ತದೆ, ಅಷ್ಟೆ. 2016ರ ಸೆಪ್ಟೆಂಬರ್ 12ರಂದು ಬೆಂಗಳೂರಿನಲ್ಲಿ ಆದದ್ದೂ ಹೆಚ್ಚುಕಡಿಮೆ ಇದೇ.

ಅಂದು ಸುಪ್ರೀಂ ಕೋರ್ಟ್ ತಮಿಳುನಾಡಿಗೆ ಬಿಡಬೇಕಾದ ಕಾವೇರಿ ನೀರನ್ನು 15,000 ಕ್ಯೂಸೆಕ್‌ನಿಂದ 12,000ಕ್ಕೆ ಇಳಿಸಿ, ಅವಧಿಯನ್ನು 20ನೇ ತಾರೀಖಿನವರೆಗೆ ಚಾಚಿತು. ಎಷ್ಟೋ ವರದಿಗಳು ‘ದಿನಕ್ಕೆ 12,000 ಕ್ಯೂಸೆಕ್’ ಎಂದವು. ಕ್ಯೂಸೆಕ್ ಎಂದರೇ ಸೆಕೆಂಡಿಗೆ ಒಂದು ಘನ ಅಡಿ, ಸುಮಾರು 28 ಲೀಟರ್. ಅದಕ್ಕೆ ‘ದಿನಕ್ಕೆ’ ಅಂಟಿಸುವುದು ಗಂಟೆಗೆ ಅರವತ್ತು ಕಿಲೋಮೀಟರ್ ವೇಗವನ್ನು ‘ದಿನಕ್ಕೆ’ ಎಂದ ಹಾಗೆ. 12,000 ಕ್ಯೂಸೆಕ್ ಒಂದು ದಿನ ಪೂರ್ತಿ ಹರಿದರೆ ಒಂದು ಟಿಎಂಸಿಗಿಂತ ತುಸು ಹೆಚ್ಚು. ಈ ಲೆಕ್ಕವನ್ನು ಬಿಡಿಸಿ ಹೇಳಿದ್ದರೆ ಜಗಳವಾಡುವವರು ತಿಳಿದಾದರೂ ಆಡುತ್ತಿದ್ದರು.

ಪರದೆ ತುಂಬಿದ್ದು ಬೇರೆಯೇ. ಬೆಂಗಳೂರಿನಲ್ಲಿ ತಮಿಳು ಯುವಕನೊಬ್ಬನಿಗೆ ಹೊಡೆದದ್ದು, ಚೆನ್ನೈಯಲ್ಲಿ ಕರ್ನಾಟಕ ಮೂಲದವರ ಹೋಟೆಲಿನ ಮೇಲೆ ದಾಳಿ, ರಾಮೇಶ್ವರದಲ್ಲಿ ನಮ್ಮ ಚಾಲಕನಿಗೆ ಬಿದ್ದ ಏಟು. ಒಂದೂ ಸುಳ್ಳಲ್ಲ. ಆದರೆ ಒಂದೇ ಏಟನ್ನು ಹೊತ್ತುಗೊತ್ತು ಹೇಳದೆ ಇಪ್ಪತ್ತು ಸಲ ತೋರಿಸಿದರೆ ನೋಡುವವನ ಮಟ್ಟಿಗೆ ಅದು ಇಪ್ಪತ್ತು ಏಟು. ‘ಇದ್ದದ್ದನ್ನು ಇದ್ದ ಹಾಗೆ ತೋರಿಸಿದೆವು’ ಎಂಬ ಸಮಜಾಯಿಷಿ ಅಲ್ಲಿಗೆ ಬಿದ್ದುಹೋಗುತ್ತದೆ. ಎಣಿಕೆ ತಪ್ಪಿಸುವ ವರದಿಯೂ ತಪ್ಪು ವರದಿಯೇ. ದೃಶ್ಯದ ಮೂಲೆಯಲ್ಲಿ ದಿನ, ಹೊತ್ತು, ಊರು ಬರೆಯಲು ಎಷ್ಟು ಜಾಗ ಬೇಕು?

ಹಾಗೆಂದು ಎಲ್ಲವನ್ನೂ ಟಿ.ವಿ.ಯ ತಲೆಗೆ ಕಟ್ಟುವುದೂ ನ್ಯಾಯವಲ್ಲ. 1991ರ ಡಿಸೆಂಬರಿನಲ್ಲಿ ಕನ್ನಡದಲ್ಲಿ ಖಾಸಗಿ ಸುದ್ದಿವಾಹಿನಿ ಇರಲಿಲ್ಲ, ಅಚ್ಚಿಗೆ ಹೋಗುವ ಮುನ್ನ ಸುದ್ದಿಗೆ ಒಂದು ರಾತ್ರಿಯ ಬಿಡುವೂ ಇತ್ತು. ಆದರೂ ಇದೇ ಕಾವೇರಿಗಾಗಿ ರಕ್ತ ಹರಿಯಿತು. ಇಂಥ ಹೊತ್ತಿನಲ್ಲಿ ಪತ್ರಿಕೆಗಳ ನಡವಳಿಕೆ ನೋಡಲು 1978ರ ಕಾಯ್ದೆಯ ಪ್ರೆಸ್ ಕೌನ್ಸಿಲ್ ಇದೆ. ವಾಹಿನಿಗಳು ಅದರ ವ್ಯಾಪ್ತಿಗೆ ಬರುವುದಿಲ್ಲ. 2016ರಲ್ಲಿ ಸಂಯಮ ತೋರಿ ಎಂದು ಅವುಗಳಿಗೆ ಕೇಂದ್ರದ ವಾರ್ತಾ ಮತ್ತು ಪ್ರಸಾರ ಸಚಿವಾಲಯ ಹೇಳಬೇಕಾಯಿತು.

ಅಷ್ಟರಲ್ಲಿ ಬಸ್ಸು, ಲಾರಿಗಳು ಉರಿದಿದ್ದವು. ಪೀಣ್ಯದ ಪಕ್ಕದ ಹೆಗ್ಗನಹಳ್ಳಿಯಲ್ಲಿ ಪೊಲೀಸರ ಗುಂಡಿಗೆ ಯುವಕನೊಬ್ಬ ಸತ್ತ. ಪೀಣ್ಯ, ರಾಜಗೋಪಾಲನಗರ ಸೇರಿ 16 ಠಾಣೆಗಳ ವ್ಯಾಪ್ತಿಯಲ್ಲಿ ಕರ್ಫ್ಯೂ ಬಿತ್ತು. ಪೀಣ್ಯದ ಷೆಡ್ಡುಗಳಲ್ಲಿ ಲೇತ್ ಮುಂದೆ ನಿಲ್ಲುವವರಲ್ಲಿ ಮಂಡ್ಯದವನೂ ಉಂಟು, ಧರ್ಮಪುರಿಯವನೂ ಉಂಟು. ಕರ್ಫ್ಯೂ ತೆರವಾದದ್ದು 14ರಂದು.